ಎಡಗೈಗೊಂದು ಮಣೆ

ಮನುಷ್ಯನ ಎರಡು ಕೈಗಳಲ್ಲಿ ಒಂದನ್ನು ಅರಸನನ್ನಾಗಿಯೂ ಇನ್ನೊಂದನ್ನು ಆಳನ್ನಾಗಿಯೂ ಮಾಡಿದವರು ಯಾರೆಂದು ಹೇಳುವುದು ಕಷ್ಟ. ಒಂದೇ ಗಳಿಗೆಯಲ್ಲಿ ಹುಟ್ಟಿ, ಒಂದೇ ಅನ್ನದಿಂದ ಬೆಳೆದ ಈ ಅವಳಿ ಸೋದರರಲ್ಲಿ ಬಲಗೈಗೆ ಊಟ, ಬರಹ, ದಾನ, ಆಶೀರ್ವಾದ ಮೊದಲಾದ ಮರ್ಯಾದೆಯ ಕೆಲಸಗಳೆಲ್ಲ ಸಂದುವು. ಎಡಗೈಗೆ ದಕ್ಕಿದ್ದು ಬಚ್ಚಲುಮನೆಯ ಅಧಿಕಾರ. ನಮ್ಮ ಭಾಷೆಯೂ ಈ ಪಕ್ಷಪಾತದಲ್ಲಿ ಹಿಂದೆ ಬಿದ್ದಿಲ್ಲ. ‘ಬಲ’ವೆಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ಮನೆಗೆ ಬರುವ ಸೊಸೆ ಬಲಗಾಲನ್ನೇ ಮುಂದಿಡಬೇಕು. ಬೆಳಗಾಗುತ್ತಲೇ ಸಿಡುಕುವವನು ಎಡಮಗ್ಗುಲಲ್ಲಿ ಎದ್ದವನೆಂದು ಎಲ್ಲರೂ ಒಪ್ಪುತ್ತಾರೆ. ಅರ್ಜುನನು ಎಡಗೈಯಿಂದಲೂ ಬಾಣ ಬಿಡಬಲ್ಲವನಾದ್ದರಿಂದ ಸವ್ಯಸಾಚಿಯೆನಿಸಿದನಷ್ಟೆ. ಎಡಗೈಯಿಂದ ಮಾತ್ರ ಬಿಡುತ್ತಿದ್ದರೆ ದ್ರೋಣಾಚಾರ್ಯರು ಮೊದಲ ದಿನವೇ ಅವನನ್ನು ತಿದ್ದುತ್ತಿದ್ದರೋ ಏನೋ!

ಕರ್ಣನು ಒಮ್ಮೆ ಎಡಗೈಯಿಂದ ದಾನಮಾಡಿದನೆಂಬ ಕಥೆ ಜನರ ಬಾಯಲ್ಲುಂಟು. ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತಿದ್ದವನನ್ನು ಕೃಷ್ಣನು ಬಂದು ಎಣ್ಣೆಯ ಹೊನ್ನಬಟ್ಟಲನ್ನೇ ಬೇಡಲು, ಬಟ್ಟಲು ಎಡಗೈಯಿಂದ ಬಲಗೈಗೆ ಹೋಗುವಷ್ಟರಲ್ಲಿ ತನ್ನ ಮನಸ್ಸು ಬದಲಾದೀತೆಂದು ಅಂಜಿ ಅವನು ಹಾಗೆಯೇ ಕೊಟ್ಟುಬಿಟ್ಟನಂತೆ. ಆದರೆ ಅಲ್ಲಿಯೂ ಹೊಗಳಿಕೆ ಸಂದದ್ದು ಕರ್ಣನ ಮನಸ್ಸಿಗೆ, ಕೊಟ್ಟ ಕೈಗಲ್ಲ.

ಇಂಥ ಲೋಕದಲ್ಲಿ ಎಡಗೈಗೆಂದೇ ಕಟ್ಟಿದ, ಬಲಗೈ ಮುಟ್ಟಿದರೆ ಪೆಚ್ಚಾಗುವ ಉಪಕರಣವೊಂದು ಉಂಟೆಂಬುದನ್ನು ಬಸವನಗುಡಿಯ ರಾಯರು ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ ಅರಿತರು. ಅಂಗಡಿಯವರು ಅದನ್ನು ಗೇಮಿಂಗ್ ಕೀಪ್ಯಾಡ್ ಎನ್ನುತ್ತಾರೆ. ಕಂಪ್ಯೂಟರಿನ ಕೀಲಿಮಣೆಯನ್ನು ನಡುವೆ ಕತ್ತರಿಸಿ, ಎಡಭಾಗದ ಇಪ್ಪತ್ತರಷ್ಟು ಕೀಲಿಗಳನ್ನು ಉಳಿಸಿಕೊಂಡು, ಅಂಗೈ ಊರಲು ಒಂದು ದಿಂಬನ್ನೂ ಹೆಬ್ಬೆರಳಿಗೆ ಒಂದು ಗುಬುಟನ್ನೂ ಜೋಡಿಸಿದಂತೆ ಅದರ ರೂಪ. ಬಲಗೈ ಮೌಸನ್ನು ಹಿಡಿದು ಗುರಿಯಿಡುತ್ತಿರುವಾಗ ಎಡಗೈ ಈ ಕಿರುಮಣೆಯ ಮೇಲೆ ಕುಳಿತು ಆಟದ ವೀರನನ್ನು ನಡೆಸುತ್ತದೆ, ಓಡಿಸುತ್ತದೆ, ಹಾರಿಸುತ್ತದೆ.

ರಾಯರು ಇಂಥದೊಂದು ವಸ್ತುವನ್ನು ಹುಡುಕಿಕೊಂಡು ಹೊರಟರೆಂದರೆ ಅವರನ್ನು ಬಲ್ಲವರು ನಗದೆ ಇರಲಾರರು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬಾಳಿದ ಅವರಿಗೆ ಕಂಪ್ಯೂಟರ್ ಹೊಸದಲ್ಲ. ಕಂಪ್ಯೂಟರಿನ ಆಟ ಮಾತ್ರ ಶತ್ರುಪಕ್ಷ. ಮಗ ಕಾಲೇಜಿನಲ್ಲಿದ್ದ ದಿನಗಳಲ್ಲಿ ರಾತ್ರಿ ಒಂಬತ್ತಾಯಿತೆಂದರೆ ಅವನ ಕೋಣೆಯಿಂದ ಗದ್ದಲವೇಳುತ್ತಿತ್ತು. ‘ಹಿಂದೆ ನೋಡೋ!’, ‘ಅಯ್ಯೋ, ಸತ್ತೆ!’ ಎಂಬ ಉದ್ಗಾರಗಳು ಊಟದ ಮನೆಯವರೆಗೆ ಕೇಳಿಬರುತ್ತಿದ್ದುವು. ರಾಯರು ಎರಡು ಸಲ ಎಚ್ಚರಿಸುತ್ತಿದ್ದರು; ಮೂರನೆಯ ಸಲ ಮಾತಾಡದೆ ಹೋಗಿ ಪ್ಲಗ್ಗನ್ನೇ ಕೀಳುತ್ತಿದ್ದರು. ಮಗ ಕೆಲಸಕ್ಕೆ ಸೇರಿ ಸಂಬಳ ತರತೊಡಗಿದ ಮೇಲೆ ಪ್ಲಗ್ಗಿಗೆ ಕೈಹಾಕುವ ಹಕ್ಕು ಅವರಿಗಿಲ್ಲವಾಯಿತು. ಗೊಣಗುವ ಹಕ್ಕು ಉಳಿದಿತ್ತು.

೨೦೨೩ರ ಮಳೆಗಾಲದ ಒಂದು ಸಂಜೆ ಒದ್ದೆ ರಸ್ತೆಯಲ್ಲಿ ಮಗನ ಬೈಕು ಜಾರಿತು. ತಲೆಗೆ ಹೆಲ್ಮೆಟ್ ಇದ್ದುದರಿಂದ ಜೀವ ಉಳಿಯಿತು. ಆದರೆ ಬಿದ್ದ ರಭಸಕ್ಕೆ ತಲೆ ಒಂದು ಕಡೆಗೂ ಬಲಭುಜ ಇನ್ನೊಂದು ಕಡೆಗೂ ಸೆಳೆದು, ಕತ್ತಿನಿಂದ ಹೊರಟು ತೋಳಿಗಿಳಿಯುವ ನರಗಳ ಜಾಲ ಹರಿದಿತ್ತು. ಐದು ನರಮೂಲಗಳು ಕೂಡಿ ಹೆಣೆದುಕೊಂಡ ಆ ಜಾಲವೇ ಭುಜದಿಂದ ಬೆರಳಿನ ತುದಿಯವರೆಗೆ ಕೈಯನ್ನು ಆಳುವುದು. ಎಲುಬು ಮುರಿದಿರಲಿಲ್ಲ, ಚರ್ಮ ಹೆಚ್ಚು ತರಚಿರಲಿಲ್ಲ. ಕೈ ಮಾತ್ರ ಗೋಡೆಯ ಮೇಲೆ ತೂಗುಹಾಕಿದ ಅಂಗಿಯ ತೋಳಿನಂತೆ ಜೋತುಬಿದ್ದಿತ್ತು. ಕೆಲವು ತಿಂಗಳುಗಳೊಳಗಾಗಿ ಶಸ್ತ್ರಚಿಕಿತ್ಸೆ ನಡೆದು, ಬೇರೆಡೆಯ ನರವನ್ನು ತಂದು ಜೋಡಿಸಿದ್ದಾಯಿತು. ನರವು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ. ಮೊದಲು ಮೊಣಕೈ ಮಡಿಸುವಂತಾದರೆ ಅದೇ ದೊಡ್ಡದು, ಬೆರಳುಗಳ ಮಾತನ್ನು ಈಗಲೇ ಆಡುವಂತಿಲ್ಲ, ಎಂದು ವೈದ್ಯರು ಹೇಳಿದರು. ರಾಯರು ಮನೆಗೆ ಬಂದು ಅಳತೆಪಟ್ಟಿಯನ್ನು ತೆಗೆದು ಕತ್ತಿನಿಂದ ಬೆರಳಿನವರೆಗಿನ ದೂರವನ್ನು ತಮ್ಮ ಕೈಯ ಮೇಲೆಯೇ ಅಳೆದು ನೋಡಿದರು. ಲೆಕ್ಕ ಬಲ್ಲವರಿಗೆ ಆ ಉತ್ತರವನ್ನು ವಿವರಿಸಬೇಕಾದುದಿಲ್ಲ.

ಬಲಗೈ ಹೀಗೆ ಕೈಕೊಟ್ಟಿತು. ಎಡಗೈಯೇ ಇನ್ನು ಕೈಹಿಡಿಯಬೇಕು. ಅಲ್ಲಿ ರಾಯರನ್ನು ಒಂದು ಹಳೆಯ ನೆನಪು ಬಾಧಿಸತೊಡಗಿತು. ಮಗ ಹುಟ್ಟಾ ಎಡಚ. ಲೋಕದಲ್ಲಿ ಸುಮಾರು ಹತ್ತು ಜನರಲ್ಲಿ ಒಬ್ಬರು ಹಾಗೆ ಹುಟ್ಟುತ್ತಾರೆ. ಅದರಲ್ಲಿ ದೋಷವೇನೂ ಇಲ್ಲವೆಂದು ಇಂದು ಯಾವ ವೈದ್ಯರೂ ಹೇಳುತ್ತಾರೆ. ಆದರೆ ಅವನು ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಎಡಗೈ ಬೆರಳನ್ನಿಟ್ಟಾಗ ಮನೆಯಲ್ಲಿ ಕೋಲಾಹಲವಾಯಿತು. ಅಜ್ಜಿ ಅವನ ಎಡಗೈಗೆ ಬಟ್ಟೆ ಸುತ್ತಿದರು. ತಿಂಗಳುಗಟ್ಟಲೆ ಸಂಜೆಯ ಪಾಠದ ಹೊತ್ತಿನಲ್ಲಿ ರಾಯರು ಮರದ ಅಡಿಕೋಲನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತರು. ಎಡಗೈ ಮುಂದೆ ಬಂದಾಗಲೆಲ್ಲ ಗೆಣ್ಣಿನ ಮೇಲೆ ಒಂದು ಏಟು. ಆರು ತಿಂಗಳಲ್ಲಿ ಹುಡುಗ ಬಲಗೈಯಲ್ಲಿ ದುಂಡಾಗಿ ಬರೆಯತೊಡಗಿದನು, ಮನೆಯವರೆಲ್ಲ ಕೃತಾರ್ಥರಾದರು. ಎಡಗೈ ಮಾತ್ರ ಕೇರಮ್ ಹಲಗೆಯ ಮೇಲೆ, ಚೆಂಡೆಸೆತದಲ್ಲಿ ಕಳ್ಳತನದಿಂದ ತನ್ನ ಪ್ರಾವೀಣ್ಯವನ್ನು ಕಾಯ್ದುಕೊಂಡು ಬಂದಿತ್ತು.

ಅಪಘಾತವಾದ ಮೇಲೆ ಮಗ ಎಡಗೈಯಿಂದ ಉಣ್ಣಲು ಕಲಿತನು, ಗುಂಡಿ ಹಾಕಿಕೊಳ್ಳಲು ಕಲಿತನು, ನಿಧಾನವಾಗಿ ಕಚೇರಿಯ ಕೆಲಸವನ್ನೂ ಮನೆಯಿಂದ ಮಾಡತೊಡಗಿದನು. ಆಟದ ತಂಟೆಗೆ ಮಾತ್ರ ಹೋಗಲಿಲ್ಲ. ರಾತ್ರಿ ಒಂಬತ್ತಾದರೆ ಕೋಣೆಯ ಬಾಗಿಲು ಮುಚ್ಚುತ್ತಿತ್ತು, ಒಳಗೆ ಸದ್ದಿಲ್ಲ. ಹಿಂದೆ ಆ ಗದ್ದಲವನ್ನು ತಾಳಲಾರದೆ ಒದ್ದಾಡುತ್ತಿದ್ದ ರಾಯರು ಈಗ ಈ ಮೌನವನ್ನು ತಾಳಲಾರದೆ ಹೋದರು. ಒಂದು ದಿನ ಮಗಳೊಡನೆ ಅದನ್ನೇ ಪ್ರಸ್ತಾಪಿಸಿದರು. ಪಿ.ಯು.ಸಿ. ಓದುತ್ತಿದ್ದ ಆ ಹುಡುಗಿ ಹೇಳಿದ ಮಾತು ಅವರಿಗೆ ಹೊಸದಾಗಿ ಕೇಳಿಸಿತು. ಅಣ್ಣನ ಜೊತೆ ಆಡುತ್ತಿದ್ದವರು ನಾಲ್ವರು. ಒಬ್ಬ ಹುಬ್ಬಳ್ಳಿಯವನು, ಒಬ್ಬ ಪುಣೆಯವನು, ಇಬ್ಬರು ಸಮುದ್ರದಾಚೆ ಹೋದವರು. ಎಲ್ಲರೂ ಸೇರುವುದಕ್ಕೆ ಇದ್ದ ಜಾಗ ಅದೊಂದೇ. ‘ಅಪ್ಪ, ನೀವು ಗಾಂಧಿಬಜಾರಿಗೆ ಕಾಫಿಗೆ ಹೋಗ್ತೀರಲ್ಲ, ಕಾಫಿಗೇನು ಹೋಗ್ತೀರಾ?’ ಎಂದಳು.

ರಾಯರು ಉತ್ತರ ಹೇಳಲಿಲ್ಲ. ಮರುದಿನ ಬ್ಯಾಂಕಿನ ಕಾಲದ ಒಂದು ಉದ್ದ ಪುಸ್ತಕವನ್ನು ಹೊರತೆಗೆದು, ಗೆರೆ ಎಳೆದು, ‘ಒಂದು ಕೈಯ ಕೀಲಿಮಣೆ’ ಎಂದು ತಲೆಬರಹ ಬರೆದರು.

ನಿವೃತ್ತರಾದವರು ಒಂದು ವಿಷಯವನ್ನು ಕೈಗೆತ್ತಿಕೊಂಡರೆ ಅದರ ಮೂಲವನ್ನು ಮುಟ್ಟದೆ ಬಿಡುವುದಿಲ್ಲ. ರಾಯರು ಮೊದಲು ಕೀಲಿಮಣೆಯ ವಂಶಾವಳಿಯನ್ನೇ ಶೋಧಿಸಿದರು. ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಸ್ಟೋಫರ್ ಶೋಲ್ಸ್ ಮತ್ತು ಅವನ ಸಂಗಡಿಗರು ರೂಪಿಸಿದ ಬೆರಳಚ್ಚು ಯಂತ್ರವನ್ನು ರೆಮಿಂಗ್ಟನ್ ಸಂಸ್ಥೆಯು ೧೮೭೪ರಲ್ಲಿ ಮಾರಾಟಕ್ಕೆ ತಂದಿತು. ಎರಡು ಕೈಗಳಿಗೆಂದು ಹುಟ್ಟಿದ ಆ ಮಣೆಯೇ ಅಲ್ಪಸ್ವಲ್ಪ ಬದಲಾಗಿ ಇಂದಿಗೂ ನಮ್ಮ ಮೇಜಿನ ಮೇಲಿದೆ. ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ ಸಭೆಯೊಂದರ ಮುಂದೆ ಹೊಸ ಬಗೆಯ ಕಂಪ್ಯೂಟರನ್ನು ಪ್ರದರ್ಶಿಸಿದನು. ಅವನ ಬಲಗೈಯಲ್ಲಿ ಮೌಸ್ ಇತ್ತು. ಎಡಗೈಯ ಕೆಳಗೆ ಪಿಯಾನೋ ವಾದ್ಯದಂತಹ ಐದೇ ಕೀಲಿಗಳ ಪುಟ್ಟ ಮಣೆಯಿತ್ತು. ಐದು ಬೆರಳುಗಳನ್ನು ಒಂಟಿಯಾಗಿಯೂ ಜೊತೆಜೊತೆಯಾಗಿಯೂ ಒತ್ತಿದರೆ ಒಟ್ಟು ೩೧ ಬಗೆಯ ಸಂಯೋಗಗಳಾಗುತ್ತವೆ. ಇಂಗ್ಲಿಷಿನ ೨೬ ಅಕ್ಷರಗಳಿಗೆ ಸಾಕಾಗಿ ಐದು ಮಿಗುತ್ತವೆ. ಲೋಕವು ಬಲಗೈಯ ಮೌಸನ್ನು ತಲೆಯ ಮೇಲೆ ಹೊತ್ತು ಮೆರೆಸಿತು; ಎಡಗೈಯ ಐದು ಕೀಲಿಗಳನ್ನು ಮರೆತುಬಿಟ್ಟಿತು. ಇಲ್ಲಿಯೂ ಅದೇ ಕಥೆ, ಎಂದುಕೊಂಡು ರಾಯರು ಪುಟ ತಿರುವಿದರು.

ಎಡಗೈಗೆ ಮರಳಿ ಮಣೆ ಹಾಕಿದ್ದು ಆಟವೇ. ಹಿಂದೆ ಆಟಗಾರರು ಬಾಣದ ಗುರುತಿನ ಕೀಲಿಗಳಿಂದ ನಡೆಯುತ್ತಿದ್ದರು. ೧೯೯೬ರಲ್ಲಿ ಬಂದ ಕ್ವೇಕ್ ಎಂಬ ಆಟದಲ್ಲಿ ಮೌಸಿನಿಂದ ಸುತ್ತಲೂ ಮೇಲೆ ಕೆಳಗೆ ನೋಡಿ ಗುರಿಯಿಡುವುದೇ ಮೇಲೆಂದು ತಿಳಿದಾಗ, ನಡಿಗೆಯ ಭಾರ ಎಡಗೈಗೆ ಬಿದ್ದು, ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕು ಕೀಲಿಗಳು ಪಾದಗಳಾದುವು. ೧೯೯೭ರ ಪಂದ್ಯದಲ್ಲಿ ಡೆನ್ನಿಸ್ ಫಾಂಗ್ ಎಂಬ ತರುಣನು ಗೆದ್ದು, ಆಟವನ್ನು ರಚಿಸಿದವರಲ್ಲೊಬ್ಬನಾದ ಜಾನ್ ಕಾರ್ಮ್ಯಾಕನ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದನು. ಆ ನಾಲ್ಕು ಕೀಲಿಗಳು ಜನಪ್ರಿಯವಾದುದರಲ್ಲಿ ಅವನ ಪಾಲು ದೊಡ್ಡದು. ಆಟಕ್ಕೆ ಕಾರು ಸಿಗುತ್ತದೆಂದು ಓದಿದಾಗ ರಾಯರಿಗೆ ತಾವು ಕಿತ್ತ ಪ್ಲಗ್ಗುಗಳ ನೆನಪಾಗಿ ಸ್ವಲ್ಪ ಮುಜುಗರವಾಯಿತು. ಈ ಶತಮಾನದ ಆರಂಭದಲ್ಲಿ ಬೆಲ್ಕಿನ್ ಸಂಸ್ಥೆಯ ನೋಸ್ಟ್ರೋಮೊ ಮೊದಲಾದ ಎಡಗೈ ಮಣೆಗಳು ಬಂದುವು. ಮುಂದೆ ರೇಜರ್, ಲಾಜಿಟೆಕ್ ಮುಂತಾದವರೂ ಅವನ್ನು ಮಾಡಿದರು.

ಇಷ್ಟೆಲ್ಲ ಓದಿದ ಮೇಲೆ ರಾಯರಿಗೆ ಒಂದು ಕಠೋರ ಸತ್ಯ ಹೊಳೆಯಿತು. ಎಡಗೈಗೆ ಲೋಕ ಹಾಕಿದ ಈ ಮಣೆಯೂ ಬಲಗೈಯ ಅನುಕೂಲಕ್ಕಾಗಿಯೇ! ಅರಸನು ಮೌಸಿನ ಬೇಟೆಗೆ ಹೊರಟಾಗ ಕುದುರೆ ಹಿಡಿಯಲು ಒಬ್ಬ ಬೇಕಲ್ಲವೇ, ಅದಕ್ಕಾಗಿ ಎಡಗೈ. ಅರಸನೇ ಮಂಚ ಹಿಡಿದಿರುವಾಗ ಬೇಟೆಯಾಡುವವರು ಯಾರು? ಕೀಲಿಗಳು ನಡೆಸಿಯಾವು, ನೋಟವನ್ನು ತಿರುಗಿಸುವವರು ಯಾರು? ಇಪ್ಪತ್ತು ಕೀಲಿಗಳಿದ್ದರೂ ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಕೊಂಡ ಹಣ ವ್ಯರ್ಥ.

೨೦೨೪ರ ಆಗಸ್ಟ್ ತಿಂಗಳಲ್ಲಿ ರಾಯರು ಒಬ್ಬರೇ ಎಸ್.ಪಿ. ರಸ್ತೆಗೆ ಹೋದರು. ತಂತಿ, ತಟ್ಟೆ, ಪೆಟ್ಟಿಗೆಗಳ ನಡುವೆ ಕಾಲಿಡಲು ಎಡೆಯಿಲ್ಲದ ಆ ಬೀದಿಯಲ್ಲಿ ಮೂರು ಅಂಗಡಿ ಹತ್ತಿಳಿದ ಮೇಲೆ ಒಬ್ಬ ಹುಡುಗನು ಮೇಲಿನ ಹಲಗೆಯಿಂದ ಒಂದು ಕೀಪ್ಯಾಡನ್ನು ಇಳಿಸಿದನು. ರಾಯರು ಬಲಗೈಯನ್ನು ಪ್ಯಾಂಟಿನ ಜೇಬಿನೊಳಗೆ ಇಳಿಬಿಟ್ಟು, ಎಡಗೈಯನ್ನು ಅದರ ಮೇಲಿಟ್ಟು ಒತ್ತಿ ನೋಡಿದರು. ಅಂಗಡಿಯ ಹುಡುಗ ನಕ್ಕನು. ‘ಸಾರ್, ಯಾರಿಗೆ?’ ಎಂದನು. ‘ಮಗನಿಗೆ’ ಎಂದರು ರಾಯರು. ಜೇಬಿನಿಂದ ಕೈ ತೆಗೆಯಲಿಲ್ಲ. ಹುಡುಗನಿಗೆ ಏನೋ ಅರ್ಥವಾಗಿರಬೇಕು. ನಗುವನ್ನು ನಿಲ್ಲಿಸಿ, ಕುರ್ಚಿ ಕೊಟ್ಟು, ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸಿ ಒಂದೊಂದಾಗಿ ವಿವರಿಸಿದನು.

ಈ ಕಿರುಮಣೆಯ ಗುಟ್ಟಿರುವುದು ಅದರ ಕೀಲಿಗಳಿಗೆ ಸ್ವಂತ ಹೆಸರಿಲ್ಲದಿರುವುದರಲ್ಲಿ. ಯಾವ ಕೀಲಿ ಯಾವ ಕೆಲಸ ಮಾಡಬೇಕೆಂಬುದನ್ನು ಒಡೆಯನೇ ತಂತ್ರಾಂಶದ ಮೂಲಕ ನಿಶ್ಚಯಿಸಬೇಕು. ಕೀಲಿಯ ಮೇಲೆ ಅಚ್ಚಾದ ಅಕ್ಷರವೇ ಕೀಲಿಯ ಧರ್ಮವಲ್ಲವೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸದಲ್ಲಿ ಇಂಗ್ಲಿಷಿನ ‘ಕೆ’ ಕೀಲಿಯನ್ನೊತ್ತಿದರೆ ‘ಕ’ ಮೂಡುತ್ತದೆ. ಶಿಫ್ಟ್ ಜೊತೆಗೆ ಒತ್ತಿದರೆ ‘ಖ’. ಕೀಲಿ ಅದೇ, ಸಂಸಾರ ಬೇರೆ. ಹಾಗೆಯೇ ಇಲ್ಲಿಯೂ ಒಂದು ಕೀಲಿ ಈ ಆಟದಲ್ಲಿ ಕತ್ತಿಯಾದೀತು, ಇನ್ನೊಂದರಲ್ಲಿ ಏಣಿಯಾದೀತು. ಒಂದೊಂದು ಆಟಕ್ಕೆ ಒಂದೊಂದು ವ್ಯವಸ್ಥೆಯನ್ನು ಬರೆದಿಟ್ಟುಕೊಂಡು ಬೇಕಾದಾಗ ಬದಲಿಸಬಹುದು. ಆ ಬರಹ ಉಪಕರಣದೊಳಗೇ ಉಳಿಯುತ್ತದೆಯೋ, ಕಂಪ್ಯೂಟರಿನಲ್ಲಿರುತ್ತದೆಯೋ ಎಂಬುದನ್ನು ಕೊಳ್ಳುವವರು ಕೇಳಲೇಬೇಕು. ಎರಡನೆಯದಾದರೆ, ಮಣೆಯನ್ನು ಬೇರೆ ಮನೆಗೆ ಒಯ್ದಾಗ ಅದು ಹೇಳಿದ ಮಾತನ್ನೆಲ್ಲ ಮರೆತ ಆಳಿನಂತೆ ನಿಲ್ಲುತ್ತದೆ.

ಒಂದೇ ಒತ್ತಿಗೆ ಹತ್ತು ಕೆಲಸಗಳನ್ನು ಸಾಲಾಗಿ ಮಾಡಿಸುವ ಉಪಾಯವೂ ಇದೆ. ಅದಕ್ಕೆ ಮ್ಯಾಕ್ರೊ ಎಂದು ಹೆಸರು. ಇದು ಮಾತ್ರ ವಿವಾದದ ಗೂಡು. ಬೆರಳು ಮಾಡಬೇಕಾದ ಚಮತ್ಕಾರವನ್ನು ಯಂತ್ರವೇ ಮಾಡಿದರೆ ಎದುರಾಳಿಗೆ ಅನ್ಯಾಯವೆಂದು ಹಲವು ಪಂದ್ಯಗಳಲ್ಲಿ ಅದಕ್ಕೆ ಎಡೆಯಿಲ್ಲ. ಅದೇ ಆಗಸ್ಟ್ ತಿಂಗಳಲ್ಲಿ ಕೌಂಟರ್-ಸ್ಟ್ರೈಕ್ ಆಟದ ಒಡೆಯರಾದ ವಾಲ್ವ್ ಸಂಸ್ಥೆಯವರು, ಚಲನೆಯನ್ನು ಯಂತ್ರದಿಂದ ಹದಗೊಳಿಸುವ ಕೀಲಿಮಣೆಯ ಕುಶಲತೆಗಳನ್ನು ತಮ್ಮ ಅಧಿಕೃತ ಆಟದಂಕಣದಲ್ಲಿ ನಿಷೇಧಿಸಿದ್ದರು. ರಾಯರು ಇದನ್ನು ಪುಸ್ತಕದಲ್ಲಿ ಬರೆದುಕೊಂಡು ಬಹಳ ಹೊತ್ತು ಯೋಚಿಸಿದರು. ಎರಡು ಕೈಯುಳ್ಳವನಿಗೆ ಮೋಸವೆನಿಸುವುದು ಒಂದು ಕೈಯವನಿಗೆ ಊರುಗೋಲಾಗಬಹುದಲ್ಲ! ಆದರೆ ನಿಯಮವನ್ನು ಬರೆದವನ ಕಣ್ಣಿಗೆ ಆಟಗಾರನ ಕೈ ಕಾಣುವುದಿಲ್ಲ. ಕಾಣುವುದು ಕೀಲಿಯ ಒತ್ತು ಮಾತ್ರ. ‘ಒಂದು ಒತ್ತಿಗೆ ಒಂದೇ ಕೆಲಸ, ಮ್ಯಾಕ್ರೊ ಬೇಕಾದರೆ ಗೆಳೆಯರ ನಡುವಿನ ಆಟಕ್ಕೆ ಮಾತ್ರ’ ಎಂದು ಬರೆದು ಕೆಳಗೆ ಗೆರೆ ಎಳೆದರು. ಬ್ಯಾಂಕಿನವರ ನಿಷ್ಠೆ ಸುಲಭವಾಗಿ ಹೋಗುವುದಲ್ಲ.

ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತ ಹೆಂಡತಿಯೊಡನೆ ವಿಷಯ ತೆಗೆದರು. ಆಕೆ ಮೂವತ್ತು ವರ್ಷ ವೀಣೆ ನುಡಿಸಿದವರು. ‘ವೀಣೆಯಲ್ಲಿ ಬಲಗೈ ಮೀಟುತ್ತದೆ ಅಷ್ಟೆ, ಮೆಟ್ಟಿಲ ಮೇಲೆ ತಂತಿಯನ್ನು ಒತ್ತಿ ಎಳೆದು ರಾಗ ಹುಟ್ಟಿಸುವುದು ಎಡಗೈ. ಎಡಗೈಯನ್ನು ಅಷ್ಟು ಹಗುರಾಗಿ ಕಾಣಬೇಡಿ’ ಎಂದರು. ಆಮೇಲೆ, ‘ಬಳೆ ತರುವಾಗ ಕೈ ನೋಡದೆ ತರುತ್ತಾರೆಯೇ? ಅವನನ್ನೇ ಕರೆದುಕೊಂಡು ಹೋಗಿ’ ಎಂದು ಸೇರಿಸಿದರು.

ಮಗನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ‘ಆಟಕ್ಕೆ ದುಡ್ಡು ಸುರಿಯುತ್ತೀಯಾ ಎಂದು ಬೈಯುತ್ತಿದ್ದವರು ನೀವೇ’ ಎಂದನು. ರಾಯರು, ‘ಹೌದು, ಬೈಯುತ್ತಿದ್ದೆ’ ಎಂದರು. ಬೇರೆ ಮಾತು ಅವರಿಗೆ ಹೊಳೆಯಲಿಲ್ಲ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಚಪ್ಪಲಿ ಮೆಟ್ಟಿಕೊಂಡನು.

ಅಂಗಡಿಯಲ್ಲಿ ಮಗ ಎಡಗೈಯನ್ನು ಕೀಪ್ಯಾಡಿನ ಮೇಲಿಟ್ಟನು. ನಾಲ್ಕು ಬೆರಳುಗಳು ತಾವಾಗಿ ತಮ್ಮ ತಮ್ಮ ಸಾಲು ಹಿಡಿದು ಕುಳಿತುವು. ತಯಾರಕರ ಲೆಕ್ಕದಲ್ಲಿ ಅದಕ್ಕೆ ೩೨ ಕೆಲಸಗಳನ್ನು ವಹಿಸಬಹುದು. ಹೆಬ್ಬೆರಳಿನ ಗುಬುಟೂ ನಡುವಿನ ಚಕ್ರವೂ ಆ ಲೆಕ್ಕದಲ್ಲಿ ಸೇರಿವೆ. ಕೀಲಿಗಳ ವಿಷಯದಲ್ಲಿ ಅವನಿಗೆ ಆಕ್ಷೇಪವಿರಲಿಲ್ಲ. ಹೆಬ್ಬೆರಳಿನಿಂದ ಗುಬುಟನ್ನು ಅತ್ತ ಇತ್ತ ದೂಡಿ ನೋಡಿ ತಲೆಯಾಡಿಸಿದನು. ‘ಇದು ಆಗುವುದಿಲ್ಲಪ್ಪ. ಇದಕ್ಕೆ ಎಂಟೇ ದಿಕ್ಕು. ಮೌಸಿನ ಹಾಗೆ ಬೇಕಾದ ಕಡೆ, ಬೇಕಾದಷ್ಟು ನಿಧಾನವಾಗಿ ತಿರುಗುವುದಿಲ್ಲ’ ಎಂದನು. ರಾಯರು ಗಂಭೀರವಾಗಿ, ‘ಇಂದ್ರನಿಂದ ಈಶಾನನವರೆಗೆ ಇಡೀ ಪ್ರಪಂಚಕ್ಕೇ ಎಂಟು ದಿಕ್ಕು ಸಾಕಾಗಿದೆಯಲ್ಲೋ!’ ಎಂದರು. ಮಗ ಒಂದು ಕ್ಷಣ ಅವರ ಮುಖವನ್ನು ನೋಡಿ ನಕ್ಕುಬಿಟ್ಟನು. ವರ್ಷಕ್ಕೂ ಮೀರಿದ ಕಾಲದ ಮೇಲೆ ಕೇಳಿದ ಆ ನಗುವಿಗೆ ಬೆಲೆ ಕಟ್ಟುವ ಅಂಕಣ ರಾಯರ ಪುಸ್ತಕದಲ್ಲಿರಲಿಲ್ಲ.

ಬೇಕಾದುದು ಏನೆಂಬುದು ಆಗ ಸ್ಪಷ್ಟವಾಯಿತು: ಹೆಬ್ಬೆರಳಿನ ಕೆಳಗೆ ಎಲ್ಲ ಕಡೆಗೂ ಬಾಗುವ, ಎಷ್ಟು ಬಾಗಿಸಿದರೆ ಅಷ್ಟೇ ವೇಗ ಕೊಡುವ ಪುಟ್ಟ ಕೋಲು. ಆ ಕೋಲು ನೋಟವನ್ನು ತಿರುಗಿಸಬೇಕು. ಉಳಿದ ನಾಲ್ಕು ಬೆರಳು ನಡಿಗೆಯನ್ನೂ ಆಯುಧವನ್ನೂ ನೋಡಿಕೊಳ್ಳಬೇಕು. ಇಂಥ ಕೋಲಿನಿಂದ ಮೌಸಿನ ಕೆಲಸ ಮಾಡಿಸುವ ತಂತ್ರಾಂಶಗಳುಂಟು. ಲಾಜಿಟೆಕ್ ಸಂಸ್ಥೆಯ ಜಿ೧೩ ಎಂಬ ಹಳೆಯ ಮಣೆಯಲ್ಲಿ ಇಂಥದೊಂದು ಕೋಲಿತ್ತು. ಆದರೆ ಅದರ ತಯಾರಿಕೆ ನಿಂತು ವರ್ಷಗಳಾಗಿವೆ. ಎರಡನೆಯ ಕೈಯ ಮಾಲು ಸಿಕ್ಕೀತು, ಕೆಟ್ಟರೆ ಕೇಳುವವರಿಲ್ಲ. ೨೦೧೮ರಲ್ಲಿ ಮೈಕ್ರೋಸಾಫ್ಟ್ ತಂದ ಅಡಾಪ್ಟಿವ್ ಕಂಟ್ರೋಲರ್ ಇನ್ನೊಂದು ದಾರಿ. ಅದರಲ್ಲಿ ಎರಡು ದೊಡ್ಡ ಗುಂಡಿಗಳೂ ಹಿಂಬದಿಯಲ್ಲಿ ೧೯ ತೂತುಗಳೂ ಇವೆ. ಕಾಲಿನಿಂದ ಒತ್ತುವ ಪಾದಗುಂಡಿ, ಮೊಣಕೈಯಿಂದ ಒತ್ತುವ ಗುಂಡಿ, ಯಾವುದನ್ನು ಬೇಕಾದರೂ ಅಲ್ಲಿ ಸಿಕ್ಕಿಸಬಹುದು. ದೇಹದಲ್ಲಿ ಯಾವ ಅಂಗ ಕೆಲಸ ಮಾಡುತ್ತದೆಯೋ ಅದನ್ನೇ ಕೈಯೆಂದು ಒಪ್ಪಿಕೊಳ್ಳುವ ಉದಾರವಾದ ಯಂತ್ರವದು. ಬೆರಳುಗಳೂ ಇಲ್ಲದವರಿಗೆ ಅದೇ ಸರಿ. ಐದು ಚುರುಕು ಬೆರಳುಗಳುಳ್ಳ ಮಗನು ಅವನ್ನು ಬಿಟ್ಟುಕೊಡಲು ಒಪ್ಪಲಿಲ್ಲ.

ಉಳಿದುದು ಲಾಟ್ವಿಯ ದೇಶದ ಅಜೆರಾನ್ ಸಂಸ್ಥೆಯ ಮಣೆ. ಅದನ್ನು ಮಣೆಯೆನ್ನುವುದಕ್ಕಿಂತ ಬೆರಳುಗಳಿಗೆ ತೊಡಿಸಿದ ಗವಸಿನ ಎಲುಬೆನ್ನಬಹುದು. ಮುದ್ರಿಸಿ ಕಟ್ಟಿದ ಪ್ಲಾಸ್ಟಿಕ್ ಕಂಬಗಳು ಒಂದೊಂದು ಬೆರಳಿಗೆ ಒಂದೊಂದು; ಬೆರಳನ್ನು ಕೆಳಗೊತ್ತಿದರೆ ಒಂದು ಕೆಲಸ, ಮುಂದಕ್ಕೆ ದೂಡಿದರೆ ಇನ್ನೊಂದು, ಹಿಂದಕ್ಕೆ ಸೆಳೆದರೆ ಮತ್ತೊಂದು. ತಿರುಪುಗಳನ್ನು ಸಡಿಲಿಸಿ ಕಂಬಗಳನ್ನು ಕೈಯ ಅಳತೆಗೆ ಸರಿಸಿಕೊಳ್ಳಬಹುದು. ಹೆಬ್ಬೆರಳಿಗೆ ಬೇಕಾದ ಕೋಲೂ ಇದೆ. ಎಡಗೈಗೂ ಬಲಗೈಗೂ ಬೇರೆ ಬೇರೆಯಾಗಿ ಮಾಡಿಕೊಡುತ್ತಾರೆ. ಬೆಲೆ, ಸಾಗಣೆ, ಸುಂಕ ಎಲ್ಲ ಕೂಡಿಸಿದರೆ ಅಂಗಡಿಯ ಮಾಲಿಗಿಂತ ಬಹಳ ದುಬಾರಿ. ಹಿಡಿಸದಿದ್ದರೆ ಹಿಂದಿರುಗಿಸುವುದು ಸಮುದ್ರಕ್ಕೆ ಎಸೆದ ಕಾಸನ್ನು ಹುಡುಕಿದಂತೆ. ರಾಯರು ಎರಡು ದಿನ ಲೆಕ್ಕ ಹಾಕಿದರು; ಮೂರನೆಯ ದಿನ ಲೆಕ್ಕದ ಪುಸ್ತಕವನ್ನು ಮುಚ್ಚಿ ಮಗನೊಡನೆ ಕುಳಿತು ತರಿಸಲು ಬರೆದರು.

ಅದು ಬರುವವರೆಗೆ ಕೆಲವು ವಾರಗಳಾದುವು. ಬಂದ ದಿನ ತಿರುಪುಗಳನ್ನು ಬಿಗಿಯುವ ಕೆಲಸ ರಾಯರದಾಯಿತು. ಅದಕ್ಕೆ ಎರಡು ಕೈ ಬೇಕಲ್ಲ. ಮಗನ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಒಂದೊಂದು ಬೆರಳನ್ನೂ ಕಂಬಕ್ಕೆ ಕೂಡಿಸುತ್ತ, ‘ಇಲ್ಲಿ ಸರಿಯೇ? ಇನ್ನೂ ಹಿಂದೆ ಬೇಕೇ?’ ಎಂದು ಕೇಳುತ್ತ ಹೋದರು. ತೋರುಬೆರಳಿನ ಗೆಣ್ಣಿಗೆ ಬಂದಾಗ ಅವರ ಕೈ ನಿಂತಿತು. ಮಗ ಕಂಡನೋ ಇಲ್ಲವೋ, ‘ಅಲ್ಲೇ ಸರಿ, ಬಿಗಿಯಿರಿ’ ಎಂದನು.

ಮುಂದಿನದು ಒಂದು ದಿನದಲ್ಲಿ ಆದ ಪವಾಡವಲ್ಲ. ಮೊದಲ ವಾರ ಬೆರಳುಗಳು ನೋಯುತ್ತಿದ್ದುವು. ನಡೆಯೆಂದರೆ ಹಾರು, ಹಾರೆಂದರೆ ಬೀಳು ಎಂಬಂತಾಗುತ್ತಿತ್ತು. ಕೀಲಿಗಳ ಹಂಚಿಕೆಯನ್ನು ಮಗ ಹತ್ತು ಸಲ ಬದಲಾಯಿಸಿದನು. ಹೆಚ್ಚು ಬೇಕಾದ ಕೆಲಸಗಳನ್ನು ಬೆರಳು ಕದಲದೆ ಸಿಗುವೆಡೆಗೆ ತಂದನು, ಅಪರೂಪದವನ್ನು ಕಿರುಬೆರಳಿಗೆ ವಹಿಸಿದನು. ಮೊದಲು, ಎದುರಾಳಿ ಕಾಯುತ್ತ ಕೂರುವ, ಸರದಿಯ ಮೇಲೆ ನಡೆಸುವ ಆಟಗಳನ್ನು ತಂಗಿಯೊಡನೆ ಆಡಿದನು. ಅಲ್ಲಿ ಬುದ್ಧಿಗೆ ಕೆಲಸ, ಬೆರಳಿಗೆ ಬಿಡುವು. ಎರಡು ತಿಂಗಳ ಮೇಲೆ ಒಂದು ರಾತ್ರಿ ಒಂಬತ್ತು ಗಂಟೆಗೆ ಮುಚ್ಚಿದ ಬಾಗಿಲ ಹಿಂದಿನಿಂದ ದೊಡ್ಡದೊಂದು ಕೂಗು ಕೇಳಿಬಂತು: ‘ಅಯ್ಯೋ, ಸತ್ತೆ!’ ಅದರ ಹಿಂದೆಯೇ ನಾಲ್ಕು ಊರುಗಳ ನಗು. ಮೊದಲಿನಷ್ಟು ಚೆನ್ನಾಗಿ ಅವನು ಆಡಲಾರನು, ಹೆಚ್ಚು ಸಲ ಸೋಲುವವನೂ ಅವನೇ, ಎಂದು ಆಮೇಲೆ ತಂಗಿ ವರದಿ ಕೊಟ್ಟಳು. ರಾಯರು ಅಂದು ಹಜಾರದಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದರು. ಹನ್ನೊಂದಾದರೂ ಗದ್ದಲ ನಿಲ್ಲಲಿಲ್ಲ. ಅವರು ಎದ್ದು, ಸದ್ದಾಗದಂತೆ ಹಜಾರದ ದೀಪವನ್ನು ಆರಿಸಿ ಮಲಗಲು ಹೋದರು.

ಮರುದಿನ ಶನಿವಾರ. ಮನೆಯಾಕೆ ದೇವರ ಪೂಜೆ ಮುಗಿಸಿ ಪ್ರಸಾದದ ತಟ್ಟೆ ಹಿಡಿದು ಬಂದರು. ಅಪಘಾತವಾದ ಮೇಲೂ ಆಕೆ ಈ ಒಂದು ವಿಷಯದಲ್ಲಿ ಹಳೆಯ ಕ್ರಮವನ್ನು ಬಿಟ್ಟಿರಲಿಲ್ಲ. ಮಗನ ನಿಶ್ಚೇಷ್ಟಿತವಾದ ಬಲಗೈಯನ್ನು ತಾವೇ ಎತ್ತಿ ಹಿಡಿದು ಅದರಲ್ಲಿ ಪ್ರಸಾದವಿಟ್ಟು, ಆಮೇಲೆ ಎಡಗೈಗೆ ದಾಟಿಸುತ್ತಿದ್ದರು. ಅಂದು ಮಗ ರಾತ್ರಿಯ ಆಟದ ಕಥೆಯನ್ನು ತಂಗಿಗೆ ಹೇಳುತ್ತಿದ್ದ ಸಂಭ್ರಮದಲ್ಲಿ, ತಾಯಿ ಬಂದುದನ್ನು ಕಂಡು, ಮಾತು ನಿಲ್ಲಿಸದೆಯೇ ಎಡಗೈಯನ್ನು ಒಡ್ಡಿದನು. ಆಕೆ ಅವನ ಬಲಗೈಯ ಕಡೆಗೆ ನೋಡಿದರು, ರಾಯರ ಕಡೆಗೆ ನೋಡಿದರು. ಅನಂತರ ಒಂದು ಚಮಚೆ ಸಜ್ಜಿಗೆಯನ್ನು ತೆಗೆದು, ಅವನ ಎಡ ಅಂಗೈಯ ನಡುವೆ ಇಟ್ಟು, ತಟ್ಟೆಯನ್ನು ಮಗಳ ಕಡೆಗೆ ಚಾಚಿದರು.